ಮೊದಲು ಲೂಕ, ಕಪ್ಪು ರೆಕ್ಸಿನ್ ಆಮೇಲೆ

ನಾನು ಬೀದರದಲ್ಲಿ ಲೈಬ್ರರಿ ಕೌಂಟರಿನ ಹಿಂದೆ ಕೂತೇ ರಿಟೈರ್ ಆದವನು. ಹುಟ್ಟಿದ್ದು ಮೆಥೋಡಿಸ್ಟ್ ಮನೆಯಲ್ಲಿ, ಅಂದರೆ ಪ್ರೊಟೆಸ್ಟಂಟರ ಒಂದು ಪಂಗಡದಲ್ಲಿ. ಪುಸ್ತಕದವ, ಮೇಲಾಗಿ ಕ್ರಿಶ್ಚಿಯನ್. ಹೀಗಾಗಿ ವರ್ಷಕ್ಕೆ ಐದಾರು ಮಂದಿಯಾದರೂ ಬಂದು, ಆಚೀಚೆ ನೋಡಿ, ದನಿ ಇಳಿಸಿ ಕೇಳುತ್ತಾರೆ: "ಸರ, ನಿಮ್ಮ ಧರ್ಮದ ಬಗ್ಗೆ ಒಂದೀಟು ಓದಬೇಕಂತ ಮಾಡೀನಿ. ಯಾವ ಪುಸ್ತಕ ಚಲೋ?" ಇದೇ ಜನ ನಾನಕ್ ಝಿರಾ ಗುರುದ್ವಾರಕ್ಕೆ ಹೋಗಿ ಲಂಗರಿನಲ್ಲಿ ಉಂಡು ಬರುತ್ತಾರೆ, ಕಲಬುರಗಿಗೆ ಹೋದಾಗ ಬಂದೇನವಾಜ ದರ್ಗಾದಲ್ಲಿ ಸಕ್ಕರೆ ಓದಿಸುತ್ತಾರೆ. ಆಗೆಲ್ಲ ದನಿ ಇಳಿಯುವುದಿಲ್ಲ, ಚರ್ಚಿನ ವಿಷಯಕ್ಕೆ ಬಂದರೆ ಮಾತ್ರ ಇಳಿಯುತ್ತದೆ. ಇರಲಿ, ದಿನಮಾನ ಹಾಗಿದೆ.

ಈಚೆಗೆ ನಮ್ಮ ಸಭೆಯ ಹುಡುಗರೂ ಕೇಳತೊಡಗಿದ್ದಾರೆ. "ಅಂಕಲ್, ಆಫೀಸಿನಾಗ ದೋಸ್ತ ಒಬ್ಬಾಂವ ಕೇಳ್ಯಾನ, ಏನ್ ಕೊಡ್ಲಿ?" ಅವರಿಗಾಗಿ, ಮತ್ತು ಇಂಥ ಪ್ರಶ್ನೆ ಎದುರಾಗುವ ಮಾಸ್ತರರಿಗಾಗಿ, ಲೈಬ್ರರಿಯವರಿಗಾಗಿ ನನಗೆ ತಿಳಿದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ನನ್ನದೇ ತಪ್ಪು. ನೌಕರಿಗೆ ಸೇರಿದ ಹೊಸದರಲ್ಲಿ ಔರಾದ ಕಡೆಯ ಡಿಗ್ರಿ ಹುಡುಗನೊಬ್ಬ ಕೇಳಿದ. ಹುರುಪಿನಲ್ಲಿ ಮನೆಯಿಂದ ದಪ್ಪನೆಯ ಸತ್ಯವೇದವನ್ನೇ, ಅಂದರೆ ಇಡೀ ಬೈಬಲನ್ನೇ, ತಂದುಕೊಟ್ಟೆ. ಕಪ್ಪು ರೆಕ್ಸಿನ್ ಹೊದಿಕೆ, ಕೆಂಪು ಅಂಚು, ಒಳಗೆ ಇರುವೆ ಸಾಲಿನಂಥ ಅಕ್ಷರ. ಒಂದೂವರೆ ತಿಂಗಳ ಮೇಲೆ ಪೇಪರಿನಲ್ಲಿ ಸುತ್ತಿ ವಾಪಸ್ ತಂದ. ಹುಡುಗ ಪ್ರಾಮಾಣಿಕ, ಮೊದಲ ಪುಟದಿಂದಲೇ ಓದಿದ್ದ. "ಆದಿಕಾಂಡ ಮಸ್ತ್ ಇತ್ತು ಸರ. ವಿಮೋಚನಕಾಂಡ ಅರ್ಧಾ ತನಕ ನಡೀತು. ಆಮ್ಯಾಲ ಗುಡಾರದ ಅಳತಿ ಶುರುವಾಯ್ತು, ಎಷ್ಟು ಮೊಳ ಉದ್ದ, ಎಷ್ಟು ಮೊಳ ಅಗಲ ಅಂತ. ಯಾಜಕಕಾಂಡದಾಗ ಬರೀ ಕುರಿ ಕೊಯ್ಯೋದೇ ಅದ. ಯೇಸು ಎಲ್ಲಿ ಬರ್ತಾನ್ರೀ?"

ನಮ್ಮ ಸತ್ಯವೇದದಲ್ಲಿ 66 ಪುಸ್ತಕ. ಯೇಸು ಬರುವುದು 40ನೆಯದರಲ್ಲಿ. ಅದನ್ನು ನಾನು ಅವನಿಗೆ ಹೇಳಿಯೇ ಇರಲಿಲ್ಲ. ಬೈಬಲ್ ಎಂದರೆ ಒಂದು ಪುಸ್ತಕವಲ್ಲ, ಒಂದು ಕಪಾಟು. ಕಪಾಟನ್ನೇ ಹೊತ್ತು ತಂದು ಹೊಸಬನ ತಲೆಯ ಮೇಲೆ ಇಟ್ಟಿದ್ದೆ. ಲೈಬ್ರರಿಯವನಾಗಿ ಇದು ತಿಳಿಯಬೇಕಿತ್ತು. ಆಮೇಲೆ ಗಾಂಧೀಜಿಯವರ ಆತ್ಮಕಥೆ ಓದುವಾಗ ಸಮಾಧಾನವಾಯಿತು. ಲಂಡನ್ನಿನಲ್ಲಿ ಕಾನೂನು ಓದುವಾಗ ಮ್ಯಾಂಚೆಸ್ಟರಿನ ಒಬ್ಬ ಶಾಕಾಹಾರಿ ಕ್ರೈಸ್ತನಿಂದ ಬೈಬಲ್ ತೆಗೆದುಕೊಂಡ ಅವರಿಗೂ ಆದಿಕಾಂಡ ದಾಟಿದ ಮೇಲೆ ನಿದ್ದೆಯೇ ಬರುತ್ತಿತ್ತಂತೆ. ಮತ್ತಾಯನ ಬೆಟ್ಟದ ಪ್ರಸಂಗಕ್ಕೆ, ಅಂದರೆ ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆಗೆ, ಬಂದಾಗ ಮಾತ್ರ ಅದು ನೇರ ಎದೆಗೆ ಇಳಿಯಿತು.

ಅಂದಿನಿಂದ ನಾನು ಪುಸ್ತಕ ಕೊಡುವ ಮುಂಚೆ ಒಂದು ಚಹಾ ಕುಡಿಸುತ್ತೇನೆ. "ಯಾಕೆ ಬೇಕು?" ಎಂದು ಕೇಳಬಾರದು, ಠಾಣೆಯಲ್ಲಿ ಕೂರಿಸಿ ಕೇಳಿದಂತಾಗುತ್ತದೆ. "ಎಲ್ಲಿ ಕೇಳಿದಿ, ಏನ್ ನೋಡಿದಿ?" ಎಂದರೆ ಸಾಕು, ತಾವೇ ಹೇಳುತ್ತಾರೆ. ಒಬ್ಬನಿಗೆ ಕೆಎಎಸ್ ಪರೀಕ್ಷೆ. ಒಬ್ಬಳಿಗೆ ಮದುವೆಯ ಮಾತುಕತೆ. ಒಬ್ಬನ ತಾಯಿ ಆಸ್ಪತ್ರೆಯಲ್ಲಿದ್ದಾಗ ಯಾರೋ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಹೋಗಿದ್ದಾರೆ. ಇನ್ನೊಬ್ಬನಿಗೆ ವಾದ ಮಾಡಬೇಕಾಗಿದೆ. ಇವರೆಲ್ಲರಿಗೂ ಒಂದೇ ಪುಸ್ತಕ ಕೊಡುವವನು ಎಲ್ಲ ರೋಗಕ್ಕೂ ಒಂದೇ ಗುಳಿಗೆ ಕೊಡುವ ಡಾಕ್ಟರ.

ಆದರೂ ಹತ್ತರಲ್ಲಿ ಏಳು ಮಂದಿಗೆ ನಾನು ಕೊಡುವುದು ಲೂಕನ ಸುವಾರ್ತೆ, ಯೇಸುವಿನ ಬದುಕು ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದು. ಬೈಬಲ್ ಸೊಸೈಟಿಯವರು ಸುವಾರ್ತೆಗಳನ್ನು ಬಿಡಿ ಪುಸ್ತಿಕೆಗಳಾಗಿಯೂ ಅಚ್ಚು ಹಾಕುತ್ತಾರೆ. ಅಂಗಿಯ ಕಿಸೆಯಲ್ಲಿ ಹಿಡಿಸುತ್ತದೆ, ಬಸ್ಸಿನಲ್ಲಿ ತೆಗೆದು ಓದಿದರೆ ಪಕ್ಕದವನು ತಿರುಗಿ ನೋಡುವುದಿಲ್ಲ. ನಮ್ಮವರಲ್ಲಿ ಬಹಳ ಜನ ಯೋಹಾನನನ್ನು ಕೊಡು ಎನ್ನುತ್ತಾರೆ, ದೇವರು ಲೋಕವನ್ನು ಎಷ್ಟೋ ಪ್ರೀತಿಸಿದ ಎನ್ನುವ ಮೂರನೇ ಅಧ್ಯಾಯದ ಹದಿನಾರನೇ ವಚನದ ಮೇಲಿನ ಪ್ರೀತಿಗೆ. ನಾನು ಒಪ್ಪುವುದಿಲ್ಲ. "ಆದಿಯಲ್ಲಿ ವಾಕ್ಯವಿತ್ತು" ಎಂದು ಶುರುವಾಗುವ ಪುಸ್ತಕ ತತ್ವ ಬಲ್ಲವರಿಗೆ ರುಚಿಸೀತು, ಹೊಸಬ ಹೊಸ್ತಿಲಲ್ಲೇ ಎಡವುತ್ತಾನೆ. ಮತ್ತಾಯ ಹದಿನೇಳು ವಚನ ವಂಶಾವಳಿ ಹೇಳಿದ ಮೇಲೆಯೇ ಕಥೆಗೆ ಬರುತ್ತಾನೆ. ಮಾರ್ಕ ಚಿಕ್ಕದು, 16 ಅಧ್ಯಾಯ, ಓಡುತ್ತಲೇ ಇರುತ್ತದೆ. ಓದುವ ಚಟ ಇಲ್ಲದ ಹುಡುಗರಿಗೆ ಅದನ್ನೇ ಕೊಡುತ್ತೇನೆ.

ಲೂಕನನ್ನು ಆರಿಸಲು ನನಗೊಂದು ಕಾರಣವಿದೆ. ಅವನು ಬರೆದದ್ದೇ ಕೇಳಿದವನೊಬ್ಬನಿಗೆ. ಥೆಯೊಫಿಲನೆಂಬ ದೊಡ್ಡ ಮನುಷ್ಯನೊಬ್ಬ ಈ ವಿಷಯ ಅಷ್ಟಿಷ್ಟು ಕಿವಿಯ ಮೇಲೆ ಹಾಕಿಕೊಂಡಿದ್ದ. ಅವನಿಗೆ ನಿಜ ಗೊತ್ತಾಗಲಿ ಎಂದು ಮೊದಲಿನಿಂದ ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎಂದು ಮೊದಲ ನಾಲ್ಕು ವಚನಗಳಲ್ಲೇ ಹೇಳಿಬಿಡುತ್ತಾನೆ. ನನ್ನ ಕೌಂಟರಿಗೆ ಬಂದು ದನಿ ಇಳಿಸುವವರೆಲ್ಲ ಥೆಯೊಫಿಲರೇ. ಒಳ್ಳೆಯ ಸಮಾರ್ಯದವನು, ತಪ್ಪಿಹೋಗಿ ಬಂದ ಮಗ, ಗಿಡ ಹತ್ತಿ ಕೂತ ಜಕ್ಕಾಯ, ಎಮ್ಮಾಹುವಿನ ದಾರಿಯಲ್ಲಿ ಜೊತೆಯಾದ ಅಪರಿಚಿತ, ಇವರೆಲ್ಲ ಇರುವುದು ಲೂಕನಲ್ಲಿ ಮಾತ್ರ, ಉಳಿದ ಮೂವರಲ್ಲಿ ಇಲ್ಲ. ಒಟ್ಟು 24 ಅಧ್ಯಾಯ. ದಿನಕ್ಕೊಂದರಂತೆ ಓದಿದರೂ ತಿಂಗಳೊಳಗೆ ಮುಗಿಯುತ್ತದೆ.

ಇನ್ನು ಭಾಷೆಯ ಮಾತು. ಕನ್ನಡದಲ್ಲಿ ಇಡೀ ಬೈಬಲ್ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ. ಆಮೇಲೆ ತಿದ್ದಿದ್ದಾರೆ, ಮತ್ತೆ ತಿದ್ದಿದ್ದಾರೆ, ಆದರೂ ನಾವು ಓದುವ ಸತ್ಯವೇದದ ಕನ್ನಡ ಸ್ವಲ್ಪ ಕೋಟು ಹಾಕಿಕೊಂಡೇ ನಿಂತಿದೆ. "ಎಣಿಸಲ್ಪಡಲಿ" ಎಂದು ಬೀದರದಲ್ಲಿ ಯಾರೂ ಮಾತಾಡುವುದಿಲ್ಲ. ಕ್ಯಾಥೊಲಿಕರ ಕನ್ನಡ ಬೈಬಲ್ ಓದಲು ಇನ್ನಷ್ಟು ಸಲೀಸು ಎಂದು ನನ್ನ ಅನಿಸಿಕೆ, ನಮ್ಮ ಪಾಸ್ಟರು ಬೈದರೂ ಸರಿ. ಕೊಡುವಾಗ ಒಂದು ಎಚ್ಚರ ಹೇಳಿಬಿಡಿ: ನಾವು ಸುವಾರ್ತೆ ಎನ್ನುವುದನ್ನು ಅವರು ಶುಭಸಂದೇಶ ಎನ್ನುತ್ತಾರೆ, ನಮ್ಮ ಯೋಹಾನ ಅವರ ಯೊವಾನ್ನ, ನಮ್ಮ ಸಾಮ್ಯ (ಯೇಸು ಹೇಳಿದ ದೃಷ್ಟಾಂತ ಕಥೆ) ಅವರ ಸಾಮತಿ. ಪುಸ್ತಕದ ಲೆಕ್ಕ ನಮ್ಮದು 66, ಅವರದು 73. ಹೇಳದಿದ್ದರೆ ಎರಡೂ ಬೇರೆ ಬೇರೆ ಧರ್ಮ ಎಂದುಕೊಂಡು ಬಿಡುತ್ತಾರೆ. ಒಬ್ಬ ನನ್ನನ್ನು ಹಾಗೆಯೇ ಕೇಳಿದ್ದಾನೆ.

ಪುಸ್ತಿಕೆಯ ಒಳರಟ್ಟಿನ ಮೇಲೆ ನಾನು ಪೆನ್ಸಿಲಿನಲ್ಲಿ ನಾಲ್ಕಾರು ಶಬ್ದ ಬರೆದು ಕೊಡುತ್ತೇನೆ. ಫರಿಸಾಯರು: ಧರ್ಮದ ಕಟ್ಟಳೆ ಬಿಗಿಯಾಗಿ ಹಿಡಿದ ಪಂಗಡ. ಸಬ್ಬತ್: ಕೆಲಸ ಮಾಡದ ವಾರದ ದಿನ, ಶನಿವಾರ. ಸಮಾರ್ಯದವರು: ಯೆಹೂದ್ಯರು ಒಡನಾಟ ಇಟ್ಟುಕೊಳ್ಳದ ಜನ. ಈ ಕೊನೆಯದು ತಿಳಿಯದಿದ್ದರೆ ಹತ್ತನೇ ಅಧ್ಯಾಯದ ಕಥೆಯ ಕಾರವೇ ಹೋಗುತ್ತದೆ. ದಾರಿಯಲ್ಲಿ ಬಿದ್ದವನನ್ನು ನೋಡಿ ಯಾಜಕ ದಾಟಿ ಹೋದ, ದೇವಾಲಯದ ಸೇವೆಯವನಾದ ಲೇವಿಯನು ದಾಟಿ ಹೋದ, ಯಾರ ಕೈಯ ನೀರು ಮುಟ್ಟಲೂ ಜನ ಹಿಂಜರಿಯುತ್ತಾರೋ ಅಂಥವನು ಬಂದು ಗಾಯ ಕಟ್ಟಿದ. ಇದನ್ನು ನಮ್ಮ ಕಡೆ ಬಿಡಿಸಿ ಹೇಳುವ ಕೆಲಸವಿಲ್ಲ. ಸುಂಕದವರು ಎಂಬ ಶಬ್ದಕ್ಕಂತೂ ಅರ್ಥ ಬರೆಯುವುದೇ ಇಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿದಂಗ ಎನ್ನುವ ಗಾದೆ ಗೊತ್ತಿದ್ದವನು, ಯೇಸು ಸುಂಕದವನ ಮನೆಗೇ ಊಟಕ್ಕೆ ಹೋದ ಎಂದು ಓದಿದಾಗ ಹುಬ್ಬೇರಿಸುತ್ತಾನೆ. ಹುಬ್ಬು ಅಲ್ಲಿಯೇ ಏರಬೇಕು.

ಕೊಟ್ಟ ಮೇಲೆ ನಮ್ಮವರು ಮಾಡುವ ದೊಡ್ಡ ತಪ್ಪೆಂದರೆ, ಓದಿದವನು ಪ್ರಶ್ನೆ ತಂದಾಗ ಪ್ರಸಂಗ ಶುರು ಮಾಡುವುದು. ಚಿಂಚೋಳಿ ಕಡೆಯ ತೊಗರಿ ಬೆಳೆಯುವ ರೈತನೊಬ್ಬ ಬಿತ್ತುವವನ ಸಾಮ್ಯ ಓದಿ ಬಂದು ಹೇಳಿದ: "ಅಂವ ಎಂಥಾ ಒಕ್ಕಲಿಗ ಸರ? ಬೀಜ ದಾರಿಗೂ ಚೆಲ್ಯಾನ, ಕಲ್ಲಿನ್ಯಾಗೂ ಚೆಲ್ಯಾನ, ಮುಳ್ಳಿನ್ಯಾಗೂ ಚೆಲ್ಯಾನ. ನಾವು ಕೂರಿಗಿ ಹಿಡದ್ರ ಒಂದು ಕಾಳು ಆಚಿಗಿ ಬೀಳಂಗಿಲ್ಲ." ನಾನು ಸುಮ್ಮನೆ ಕೇಳಿದೆ. ಅವರದು ಕೈಯಿಂದ ಚೆಲ್ಲುವ ಬಿತ್ತನೆ ಎಂದಷ್ಟೇ ಹೇಳಿದೆ. ಅವನು ಸ್ವಲ್ಪ ಹೊತ್ತು ಕೂತು, "ಚೆಲ್ಲೋದಾದ್ರೂ ನೋಡಿ ಚೆಲ್ಲಬೇಕಲ್ಲರೀ" ಎಂದು ಎದ್ದು ಹೋದ. ನಲವತ್ತು ವರ್ಷ ಭಾನುವಾರ ತಪ್ಪದೆ ಆ ಸಾಮ್ಯ ಕೇಳಿದ ನನಗೆ ಬಿತ್ತುವವನ ಕೈ ಯಾಕೆ ಅಷ್ಟು ಸಡಿಲ ಎಂದು ಒಮ್ಮೆಯೂ ಅನಿಸಿರಲಿಲ್ಲ.

ಓದು ಬಾರದವರಿಗೆ, ಕಣ್ಣು ಮಂಜಾದವರಿಗೆ ಫೋನಿದೆ. ಯೂವರ್ಷನ್ ಎಂಬ ಬೈಬಲ್ ಆ್ಯಪಿನಲ್ಲಿ ಕನ್ನಡವಿದೆ, ದುಡ್ಡು ಕೊಡಬೇಕಿಲ್ಲ. ಓದಿ ಕೇಳಿಸುವ ಕನ್ನಡ ಬೈಬಲಿನ ಆಡಿಯೋವೂ ಸಿಗುತ್ತದೆ. ಅದರ ಕಥೆಯೊಂದು ಹೇಳಲೇಬೇಕು.

ಭಾಲ್ಕಿ ಹತ್ತಿರದ ಹಳ್ಳಿಯ ಲಿಂಗಾಯತ ಮನೆಯ ಒಬ್ಬ ಆಯಿ. ಮೊಮ್ಮಗ ಹೈದರಾಬಾದಿನಲ್ಲಿ ನೌಕರಿ ಮಾಡುತ್ತ ಅಲ್ಲಿಯ ಕ್ರಿಶ್ಚಿಯನ್ ನರ್ಸ್ ಹುಡುಗಿಯನ್ನು ಮೆಚ್ಚಿದ್ದ. ಮನೆಯಲ್ಲಿ ಗದ್ದಲವೆಲ್ಲ ಆಗಿ ತಣ್ಣಗಾದ ಮೇಲೆ ಆಯಿ ನನ್ನನ್ನು ಕರೆಸಿದಳು. ಅವಳ ದೊಡ್ಡ ಮಗ ನನ್ನ ಹಳೆಯ ಪರಿಚಯದವನು. "ನೋಡು ತಮ್ಮಾ, ಹುಡುಗಿ ಚಲೋ ಅದಾಳ. ಆಕಿ ದೇವರು ಎಂಥಾಂವ ಅಂತ ನನಗ ಗೊತ್ತಾಗಬೇಕಲ್ಲ?" ಎಂದಳು. ಇಷ್ಟು ಸ್ವಚ್ಛವಾಗಿ ಈ ಪ್ರಶ್ನೆಯನ್ನು ನನಗೆ ಯಾವ ಪದವೀಧರನೂ ಕೇಳಿಲ್ಲ.

ಆಯಿ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಲೂಕನ ಹದಿನೈದನೇ ಅಧ್ಯಾಯ ಹಚ್ಚಿದೆ. ಕಳೆದುಹೋದ ಕುರಿ, ಕಳೆದುಹೋದ ನಾಣ್ಯ, ಆಮೇಲೆ ಇಬ್ಬರು ಮಕ್ಕಳ ತಂದೆ. ಕಿರಿಯವನು ಪಾಲು ಕೇಳಿದಾಗ "ಹುಂ" ಎಂದಳು. ದೂರದ ಊರಿನಲ್ಲಿ ಆಸ್ತಿಯೆಲ್ಲ ಹಾಳು ಮಾಡಿದಾಗ ರೊಟ್ಟಿ ಸ್ವಲ್ಪ ಜೋರಾಗಿ ಬಡಿದಳು. ಹಂದಿ ಕಾಯುತ್ತ ಅವಕ್ಕೆ ಹಾಕುವ ಕಾಯಿಯಾದರೂ ಸಿಕ್ಕೀತೇ ಎಂದು ಆಸೆಪಟ್ಟಾಗ "ಪಾಪ" ಎಂದಳು. ತಂದೆ ದೂರದಿಂದಲೇ ಕಂಡು ಓಡಿ ಬಂದು ಅಪ್ಪಿಕೊಂಡಾಗ ಏನೂ ಅನ್ನಲಿಲ್ಲ, ಸೆರಗಿನಿಂದ ಮೂಗು ಒರೆಸಿಕೊಂಡಳು. ಪ್ರಸಂಗ ಮಾಡುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಾನೂ ನಿಲ್ಲಿಸಲು ಕೈ ಚಾಚಿದೆ. ಆದರೆ ಕಥೆ ಮುಂದುವರಿಯಿತು. ಹೊಲದಿಂದ ಬಂದ ದೊಡ್ಡ ಮಗ ಹಾಡು ಕುಣಿತದ ಸದ್ದು ಕೇಳಿ, ಆಳನ್ನು ವಿಚಾರಿಸಿ, ಸಿಟ್ಟಾಗಿ, ಒಳಗೆ ಬರಲೊಲ್ಲದೆ ಹೊರಗೆ ನಿಂತ. ಇಷ್ಟು ವರ್ಷ ದುಡಿದಿದ್ದೇನೆ, ನನ್ನ ಗೆಳೆಯರ ಸಂಗಡ ಉಣ್ಣಲು ಒಂದು ಆಡಿನ ಮರಿಯನ್ನೂ ನೀನು ಕೊಡಲಿಲ್ಲ ಎಂದ.

ಆಯಿಯ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರ್ರಗಾಗತೊಡಗಿತು. ಅವಳ ದೊಡ್ಡ ಮಗ ಊರಲ್ಲೇ ಉಳಿದು ಒಂಬತ್ತು ಎಕರೆ ನೋಡಿಕೊಂಡವನು, ಸಣ್ಣವನು ಪಾಲು ಮಾರಿ ಹೈದರಾಬಾದು ಸೇರಿದವನು ಎಂಬುದು ಆಗ ನನಗೆ ನೆನಪಾಯಿತು. "ಖರೇ ಹೇಳ್ಯಾನಲ್ಲೋ ತಮ್ಮಾ," ಎಂದಳು. "ಆ ದೊಡ್ಡಾಂವಂದು ಏನ್ ತಪ್ಪು?" ತಂದೆ ಹೊರಗೆ ಬಂದು ಅವನನ್ನೂ ಬೇಡಿಕೊಂಡ, ನನ್ನದೆಲ್ಲ ನಿನ್ನದೇ ಎಂದ ಎಂದು ನಾನು ಹೇಳಿದೆ. "ಅದು ಕೇಳಿದೆ. ಅಂವ ಒಳಗ ಹ್ವಾದ್ನೋ ಇಲ್ಲೋ?" ಎಂದಳು. ಪುಸ್ತಕದಲ್ಲಿ ಬರೆದಿಲ್ಲ ಆಯಿ ಎಂದೆ. "ಬರದಿಲ್ಲ?" ಎಂದು ನನ್ನನ್ನೇ ತಪ್ಪಿತಸ್ಥನಂತೆ ನೋಡಿ ರೊಟ್ಟಿ ತಿರುವಿದಳು.

ಸಿನಿಮಾ ಬೇಕೆನ್ನುವವರಿಗೆ 1979ರ 'ಜೀಸಸ್' ಇದೆ. ಅದು ಹೆಚ್ಚುಕಡಿಮೆ ಲೂಕನ ಸುವಾರ್ತೆಯನ್ನೇ ಹಿಡಿದು ತೆಗೆದದ್ದು, ಕನ್ನಡದ ದನಿಯಲ್ಲೂ ಬಂದಿದೆ. ತೆಲುಗು ಬಲ್ಲ ಜಹೀರಾಬಾದ್ ಕಡೆಯ ನಂಟರು 1978ರ 'ಕರುಣಾಮಯುಡು' ನೋಡೇ ಇರುತ್ತಾರೆ, ವಿಜಯಚಂದರ್ ಮುಖವೇ ಅವರ ಪಾಲಿಗೆ ಯೇಸುವಿನ ಮುಖ. ನೋಡಲಿ. ಆದರೆ ಸಿನಿಮಾ ನೋಡಿದವನಿಗೆ ಓದುವಾಗ ಬೇರೆ ಮುಖ ಕಾಣುವುದಿಲ್ಲ, ಹಾಗಾಗಿ ನಾನು ಪುಸ್ತಕ ಮುಗಿದ ಮೇಲೆ ಹೇಳುತ್ತೇನೆ.

ಪರೀಕ್ಷೆಯ ಹುಡುಗರ ಕೆಲಸ ಸುಲಭ. ಅವರಿಗೆ ನಾಲ್ಕು ಇಸವಿ ಬರೆದುಕೊಟ್ಟು, ಸಾಮಾನ್ಯ ಜಗತ್ತಿನ ಇತಿಹಾಸದ ಪುಸ್ತಕ ತೋರಿಸಿ ಕಳಿಸುತ್ತೇನೆ: 313, ಕಾನ್‌ಸ್ಟಂಟೈನ್ ಕಾಲದಲ್ಲಿ ಕ್ರೈಸ್ತರಿಗೆ ಬಹಿರಂಗವಾಗಿ ಆರಾಧಿಸಲು ಸ್ವಾತಂತ್ರ್ಯ, 325, ನೈಸಿಯಾ ಸಭೆ, 1054, ಪೂರ್ವ ಪಶ್ಚಿಮದ ಒಡಕು, 1517, ಲೂಥರ್. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ 200 ಧರ್ಮ, 220 ಬೈಬಲ್. ಕಪಾಟು ತಾವೇ ಹುಡುಕಲಿ.

ಕನ್ನಡ ಎಂ.ಎ. ಮಾಡುವವರು ಬಂದರೆ ನನಗೆ ಖುಷಿ. ಅವರಿಗೆ ಮಂಜೇಶ್ವರದ ಗೋವಿಂದ ಪೈ ಅವರ 'ಗೊಲ್ಗೊಥಾ'. ಕ್ರೈಸ್ತನಲ್ಲದ ಕವಿ ಯೇಸುವಿನ ಕೊನೆಯ ದಿನವನ್ನು ಖಂಡಕಾವ್ಯ ಮಾಡಿದ್ದಾರೆ. ಬುದ್ಧನ ಕೊನೆಗಾಲದ ಮೇಲೆ 'ವೈಶಾಖಿ' ಬರೆದವರೂ ಅವರೇ. ಶಬ್ದಗಳು ಬಿಗಿ, ಕಿಟೆಲ್ ನಿಘಂಟು ಪಕ್ಕದಲ್ಲಿ ಬೇಕು. ಆ ನಿಘಂಟು, 1894ರದ್ದು, ಮಾಡಿದವರೂ ಬಾಸೆಲ್ ಮಿಶನ್ನಿನ ಪಾದ್ರಿಯೇ. ಕಥೆಯ ರುಚಿ ಇದ್ದವರಿಗೆ ಟಾಲ್‌ಸ್ಟಾಯ್ ಬರೆದ ಚಮ್ಮಾರ ಮಾರ್ಟಿನ್‌ನ ಕಥೆ. ನೆಲಮಾಳಿಗೆಯ ಕಿಟಕಿಯಿಂದ ಅವನಿಗೆ ದಾರಿಹೋಕರ ಬೂಟುಗಳಷ್ಟೇ ಕಾಣುತ್ತವೆ, ಬೂಟಿನಿಂದಲೇ ಜನರ ಗುರುತು. ನಾಳೆ ನಾನು ಬರುತ್ತೇನೆ ಎಂದು ಕ್ರಿಸ್ತ ಹೇಳಿದಂತಾಗಿ ಅವನು ದಿನವಿಡೀ ಕಾಯುತ್ತಾನೆ. ಹರಳಯ್ಯನ ಕಥೆ ಕೇಳಿ ಬೆಳೆದ ಬಸವಕಲ್ಯಾಣದ ಹುಡುಗಿಯೊಬ್ಬಳು ಇದನ್ನು ಓದಿ, "ಇದು ನಮ್ಮದೇ ಕಥಿ ಸರ" ಎಂದಳು. ಅಲ್ಲ ಎಂದು ನಾನು ಹೇಳಲಿಲ್ಲ. ಆದರೆ ವಚನಕ್ಕೂ ಸುವಾರ್ತೆಗೂ ಗಂಟು ಹಾಕಿ ಎಲ್ಲಾ ಒಂದೇ ಎಂದು ಮುಗಿಸುವುದು ನನಗೆ ಸೇರದು. ಎರಡಕ್ಕೂ ಅನ್ಯಾಯ. ಕ್ರೈಸ್ತರು ನಂಬುವುದು ಒಳ್ಳೆಯ ಮಾತುಗಳನ್ನಷ್ಟೇ ಅಲ್ಲ; ಸತ್ತ ಒಬ್ಬ ಮನುಷ್ಯ ಮೂರನೆಯ ದಿನ ಎದ್ದ, ಅವನು ದೇವರ ಮಗ ಎಂದು ನಂಬುತ್ತಾರೆ. ಕೇಳಿದವನಿಗೆ ಇದನ್ನು ಬೆಲ್ಲ ಹಚ್ಚದೆ ಹೇಳಬೇಕು. ಒಪ್ಪುವುದು ಬಿಡುವುದು ಅವನಿಗೆ ಬಿಟ್ಟದ್ದು.

ಹಾಗೆ ಬೆಲ್ಲ ಹಚ್ಚದೆ ಹೇಳಲು ನಮ್ಮ ಹಾಡಿನ ಪುಸ್ತಕಗಳಲ್ಲೇ ಸಿಗುವ ಅಪೊಸ್ತಲರ ವಿಶ್ವಾಸಪ್ರಮಾಣ (ನಾವು ಏನು ನಂಬುತ್ತೇವೆ ಎಂಬುದರ ಸಾರ) ಸಾಕು. ಹತ್ತು ಹನ್ನೆರಡು ಸಾಲು, ಒಂದು ಚೀಟಿಯಲ್ಲಿ ಬರೆದುಕೊಡಬಹುದು. ಯೇಸುವನ್ನು ಬಿಟ್ಟರೆ ಅದರಲ್ಲಿ ಬರುವ ಮನುಷ್ಯರ ಹೆಸರು ಎರಡೇ: ಹೆತ್ತ ಮರಿಯಳು, ಶಿಕ್ಷೆ ಕೊಟ್ಟ ಪೊಂತ್ಯ ಪಿಲಾತ. ರೋಮಿನ ಒಬ್ಬ ಅಧಿಕಾರಿಯ ಹೆಸರನ್ನು ಜನ ಪ್ರಾರ್ಥನೆಯಲ್ಲಿ ಯಾಕೆ ಹೇಳುತ್ತಾರೆ ಎಂದು ಒಬ್ಬ ವಕೀಲರು ನನ್ನನ್ನು ಕೇಳಿದರು. ಇದು ಯಾವುದೋ ಯುಗದ ಕಥೆಯಲ್ಲ, ಇಂಥ ಅಧಿಕಾರಿ ಇದ್ದಾಗ ನಡೆದದ್ದು ಎಂದು ತಾರೀಖು ಹಾಕಿದಂತೆ ಎಂದೆ. ಪಿಲಾತ ಯೂದಾಯವನ್ನು ಆಳಿದ್ದು ಕ್ರಿ.ಶ. 26ರಿಂದ 36ರವರೆಗೆ. ವಕೀಲರಿಗೆ ಆ ಉತ್ತರ ರುಚಿಸಿತು.

ವಾದಕ್ಕೆ ಬರುವವರಿಗೆ ನಾನು ವಾದದ ಪುಸ್ತಕ ಕೊಡುವುದಿಲ್ಲ. ನಾಲ್ಕು ಸುವಾರ್ತೆಗಳ ಕೊನೆಯ ಅಧ್ಯಾಯಗಳನ್ನು ಪಕ್ಕಪಕ್ಕ ಇಟ್ಟು ಓದು ಎನ್ನುತ್ತೇನೆ. ಸಮಾಧಿಗೆ ಹೋದ ಹೆಂಗಸರು ಎಷ್ಟು ಜನ, ಕಂಡದ್ದು ಯಾರನ್ನು, ವಿವರಗಳು ಒಂದಕ್ಕೊಂದು ಪೂರ್ತಿ ತಾಳೆಯಾಗುವುದಿಲ್ಲ. ಮಾರ್ಕನ ಅತಿ ಹಳೆಯ ಪ್ರತಿಗಳು 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತವೆ. ಇದನ್ನು ನಾವೇ ಮೊದಲು ಹೇಳಿಬಿಟ್ಟರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ, ಉಳಿದರ್ಧ ನಿಜವಾದ ಮಾತುಕತೆಯಾಗುತ್ತದೆ.

ಬಿದರಿ ಕೆಲಸ ಮಾಡುವ ನನ್ನ ಮುಸಲ್ಮಾನ ಗೆಳೆಯ ಕೇಳಿದಾಗ ಉರ್ದುವಿನಲ್ಲಿ ಲೂಕನನ್ನು ತರಿಸಿಕೊಟ್ಟೆ. ಹಜರತ್ ಈಸಾ, ಬೀಬಿ ಮರಿಯಂ ಅವನಿಗೆ ಹೊಸಬರಲ್ಲ. ಕುರಾನಿನ 19ನೇ ಸೂರಾದ ಹೆಸರೇ ಮರಿಯಂ. ಮೊದಲೆರಡು ಅಧ್ಯಾಯ ಅವನು ಮನೆಯವರ ಸುದ್ದಿ ಓದಿದಂತೆ ಓದಿದ. ಶಿಲುಬೆಯ ಹತ್ತಿರ ಬಂದಾಗ ನಮ್ಮಿಬ್ಬರ ದಾರಿ ಬೇರೆಯಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಬೇರೆಯಾಯಿತು. ಈಗಲೂ ಸಂಜೆ ಚೌಬಾರಾ ಹತ್ತಿರ ಕೂಡಿಯೇ ಚಹಾ ಕುಡಿಯುತ್ತೇವೆ.

ದಲಿತ ಹುಡುಗರ ಪ್ರಶ್ನೆ ಬೇರೆ. "ಚರ್ಚಿನಾಗ ಜಾತಿ ಇಲ್ಲೇನ್ರಿ?" ಇಲ್ಲ ಎಂದು ಸುಳ್ಳು ಹೇಳಬೇಡಿ. ಪುಸ್ತಕದಲ್ಲಿ ಇಲ್ಲ, ಬೆಂಚಿನ ಮೇಲೆ ಅಲ್ಲಲ್ಲಿ ಇದೆ, ಮದುವೆ ಸಂಬಂಧದಲ್ಲಿ ಇನ್ನೂ ಇದೆ. ನನ್ನ ಮುತ್ಯಾ ಅಕ್ಷರ ಕಲಿತದ್ದು ಮಿಶನ್ ಶಾಲೆಯ ರಾತ್ರಿ ಪಾಠದಲ್ಲಿ, ಮೊದಲು ಓದಿದ ಪುಸ್ತಕ ಇದೇ. ಆ ಋಣ ನನಗಿದೆ, ಹಾಗೆಂದು ಕಣ್ಣು ಮುಚ್ಚಲಾರೆ. ಇನ್ನೊಂದನ್ನು ಅವರು ಕೇಳಿಯೇ ಕೇಳುತ್ತಾರೆ: "ಓದಿದ್ರ ಸರ್ಟಿಫಿಕೇಟ್ ಹೋಗ್ತದಾ?" ಓದುವುದರಿಂದ ಏನೂ ಹೋಗುವುದಿಲ್ಲ. ಆದರೆ 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಆ ಸ್ಥಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ, ಕ್ರೈಸ್ತರಾದವರಿಗೆ ಇಲ್ಲ. ಇದನ್ನು ಮುಚ್ಚಿಟ್ಟು ಯಾರಿಗೂ ಏನನ್ನೂ ಕೊಡಬಾರದು.

ದುಃಖದಲ್ಲಿ ಬಂದವರಿಗೆ ಲೂಕನೂ ಬೇಡ. ಮಗಳನ್ನು ಕಳಕೊಂಡ ಬಸ್ ಕಂಡಕ್ಟರ್ ಒಬ್ಬರಿಗೆ ಬೈಬಲಿನ ಕೀರ್ತನೆಗಳ ಪುಸ್ತಕ ಕೊಟ್ಟೆ. 23ನೇ ಕೀರ್ತನೆ ಎಲ್ಲರೂ ಹೇಳುತ್ತಾರೆ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಕುರಿ ಕಾಯ್ದ ಮನೆತನದ ಅವರು ಆ ಸಾಲಿನ ಮೇಲೆ ಬೆರಳಿಟ್ಟು, "ಕುರುಬ ಅಂದ್ರ ರಾತ್ರಿ ನಿದ್ದಿ ಇಲ್ಲದಾಂವ ಸರ" ಎಂದರು. ಆಮೇಲೆ 88ನೆಯದನ್ನು ತೋರಿಸಿದೆ. ಅದು ಕತ್ತಲಿನಲ್ಲಿ ಶುರುವಾಗಿ ಕತ್ತಲಿನಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಮಾತೂ ಕೊನೆಗಿಲ್ಲ. ಅದನ್ನೇ ಅವರು ಹೆಚ್ಚು ಓದಿದರು.

ಕೊಡಬಾರದ್ದನ್ನೂ ಹೇಳುತ್ತೇನೆ. ಬೈಬಲಿನ ಕೊನೆಯದಾದ ಪ್ರಕಟನೆ ಪುಸ್ತಕದಿಂದ ಶುರು ಮಾಡಿಸಬೇಡಿ. ಏಳು ತಲೆಯ ಮೃಗ ನೋಡಿ ಒಬ್ಬನಿಗೆ ವಾರವಿಡೀ ಕೆಟ್ಟ ಕನಸು. ನರಕದ ಬೆಂಕಿ ಅಚ್ಚಾದ ಕರಪತ್ರ ಬೇಡ. ಕುಂಟರು ಓಡಿದರು, ಸಾಲ ತೀರಿತು ಎನ್ನುವ ಯೂಟ್ಯೂಬ್ ವಿಡಿಯೋ ಬೇಡ. ಪ್ರಾರ್ಥನೆಗೆ ಕರೆದುಕೊಂಡು ಹೋಗಿ ಗುಳಿಗೆ ಬಿಡು ಎನ್ನುವವರಿದ್ದರೆ, ಅಂಥಲ್ಲಿಗೆ ಹೋಗಬೇಡ ಎಂದು ನೇರ ಹೇಳಿ. ಲೂಕ ವೈದ್ಯನಾಗಿದ್ದ ಎಂದೇ ನಮ್ಮ ಪರಂಪರೆ ಹೇಳುತ್ತದೆ. ಮತ್ತು ಕೊಟ್ಟ ಮೇಲೆ ಬೆನ್ನು ಹತ್ತಬೇಡಿ. "ಓದಿದೆಯಾ, ಎಷ್ಟನೇ ಅಧ್ಯಾಯ?" ಎಂದು ಫೋನು ಮಾಡುವುದು ಬಡ್ಡಿ ವಸೂಲಿಯವರ ಚಾಳಿ.

ಓದಿ ಮುಗಿಸಿದವರು ಚರ್ಚ್ ನೋಡಬೇಕು ಎನ್ನುತ್ತಾರೆ. ಕ್ರಿಸ್ಮಸ್‌ಗೆ ಕರೆಯಬೇಡಿ. ಅಂದು ಕೇಕು, ಹೊಸ ಸೀರೆ, ನೂಕುನುಗ್ಗಲು. ನವೆಂಬರಿನಲ್ಲಿ ವಿಕಾರಾಬಾದ ಹತ್ತಿರದ ಧಾರೂರಿನಲ್ಲಿ ಮೆಥೋಡಿಸ್ಟ್ ಜಾತ್ರೆ ನಡೆಯುತ್ತದೆ. ಜಾತ್ರೆ ಇಷ್ಟಪಡುವವರಿಗೆ ಅದು ಚಲೋ, ಪ್ರಶ್ನೆ ಇಟ್ಟುಕೊಂಡು ಬಂದವರಿಗೆ ಅಲ್ಲ. ನಾನು ಕರೆಯುವುದು ಶುಭ ಶುಕ್ರವಾರದ (ಗುಡ್ ಫ್ರೈಡೆ) ಮಧ್ಯಾಹ್ನ, ನಮ್ಮ ಮಂಗಲಪೇಟೆಯ ಚರ್ಚಿಗೆ. ಅಂದು ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನ ಇರುತ್ತದೆ. ಮೂರು ಮಾತು ಲೂಕನವು, ಮೂರು ಯೋಹಾನನವು, ಒಂದು ಮತ್ತಾಯ ಮಾರ್ಕ ಇಬ್ಬರದೂ. ಲೂಕ ಓದಿ ಬಂದವನಿಗೆ ಮೂರು ಗುರುತು ಹತ್ತುತ್ತವೆ, ಒಳಗೆ ಪರಿಚಯದವರು ಸಿಕ್ಕಂತೆ. ಕಲಬುರಗಿಯವರಾದರೆ ಕ್ಯಾಥೊಲಿಕ್ ಪ್ರಧಾನಾಲಯವೂ ಇದೆ. 2005ರಲ್ಲಿ ಅಲ್ಲಿ ಹೊಸ ಧರ್ಮಪ್ರಾಂತ್ಯ, ಅಂದರೆ ಬಿಷಪ್ಪರ ಆಡಳಿತದ ಪ್ರದೇಶ, ಆಯಿತು, ಕಲಬುರಗಿ, ಬೀದರ, ಯಾದಗಿರಿ ಅದರೊಳಗೆ ಬರುತ್ತವೆ.

ಹೊಸಬನನ್ನು ಮುಂದಿನ ಬೆಂಚಿನಲ್ಲಿ ಕೂರಿಸಬೇಡಿ, ಹಿಂದಿನದರಲ್ಲಿ ನೀವೂ ಪಕ್ಕದಲ್ಲಿ ಕೂರಿ. ಎಲ್ಲರೂ ಎದ್ದಾಗ ಏಳಲಿ, ಬೇಕಾದರೆ ಕೂತೇ ಇರಲಿ. ಕಾಣಿಕೆಯ ಚೀಲ ಬಂದಾಗ ಕೈಹಾಕಬೇಕಿಲ್ಲ, ಮುಂದೆ ದಾಟಿಸಿದರಾಯಿತು ಎಂದು ಮೊದಲೇ ಕಿವಿಯಲ್ಲಿ ಹೇಳಿ. ಇಲ್ಲದಿದ್ದರೆ ಪಾಪ ಕಿಸೆ ತಡಕಾಡುತ್ತಾರೆ. ರೊಟ್ಟಿ ದ್ರಾಕ್ಷಾರಸ ಕೊಡುವ ಹೊತ್ತಿಗೆ ಕೂತಲ್ಲೇ ಕೂರಲಿ. ಅದು ಗುಡಿಯ ಪ್ರಸಾದದಂತೆ ಬಂದವರಿಗೆಲ್ಲ ಹಂಚುವುದಲ್ಲ, ವಿಶೇಷವಾಗಿ ಕ್ಯಾಥೊಲಿಕ್ ಪೂಜೆಯಲ್ಲಿ. ಆರಾಧನೆ ಮುಗಿದ ಮೇಲೆ ಹೊಸ ಮುಖ ಕಂಡು ಹತ್ತು ಮಂದಿ ಕೈ ಕುಲುಕಲು ಮುತ್ತಿಕೊಳ್ಳುತ್ತಾರೆ. ಅವರನ್ನು ತಡೆಯುವುದು ನಿಮ್ಮ ಕೆಲಸ.

ಭಾಲ್ಕಿಯ ಆಯಿ ಚರ್ಚಿಗೆ ಬಂದದ್ದು ಮೊಮ್ಮಗನ ಮದುವೆಗೆ. ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ತಲೆತುಂಬ ಸೆರಗು ಹೊದ್ದು ಎರಡು ತಾಸು ಅಲುಗದೆ ಕೂತಿದ್ದಳು. ದೊಡ್ಡ ಮಗ ಬರುವುದಿಲ್ಲ ಎಂದಿದ್ದವನು ಬಂದಿದ್ದ, ಆದರೆ ಒಳಗೆ ಬಾರದೆ ಹೊರಗೆ ಬೇವಿನ ಗಿಡದ ಕೆಳಗೆ ಜೀಪಿಗೆ ಆತು ನಿಂತಿದ್ದ. ಊಟದ ಪೆಂಡಾಲಿನಲ್ಲಿ ಆಯಿ ಪಾಸ್ಟರರನ್ನು ಹಿಡಿದಳು. "ಪಾದ್ರಿ ಸಾಹೇಬರ, ಆ ದೊಡ್ಡ ಮಗ ಒಳಗ ಹ್ವಾದ್ನೋ ಇಲ್ಲೋ?" ಅವರಿಗೆ ಯಾವ ಮಗ ಎಂದು ತಿಳಿಯಲಿಲ್ಲ. ನಾನು ಲೂಕ ಹದಿನೈದು ಎಂದೆ. ಅವರು ಗಂಟಲು ಸರಿಮಾಡಿಕೊಂಡು ದೇವರ ಅಪಾರ ಪ್ರೀತಿಯ ವಿಷಯ ಶುರು ಮಾಡಿದರು.

"ಅದಲ್ಲ," ಎಂದಳು ಆಯಿ. "ಅಷ್ಟು ಹೇಳ್ರಿ ಸಾಕು." ಪಾಸ್ಟರರು ನನ್ನ ಕಡೆ ನೋಡಿದರು. ಆಯಿ ಒಂದು ತಾಟಿಗೆ ಬಿರಿಯಾನಿ ಬೇಡ ಎಂದು ಅನ್ನ, ಸಾರು, ಎರಡು ಹೋಳಿಗೆ ಹಾಕಿಸಿಕೊಂಡು ಬೇವಿನ ಗಿಡದ ಕಡೆ ನಡೆದಳು.